ನಳ ಬರೋ ಹೊತ್ತು, ಗಾಳಿ ಬರೋ ಹೊತ್ತು

ಹೋದ ತಿಂಗಳು ಅಣ್ಣನ ಮಗಳಿಗೆ ಮಂಗಳೂರಿನಲ್ಲಿ ನೌಕರಿ ಸಿಕ್ಕಿತು. ಸುದ್ದಿ ಬಂದ ದಿನ ವೈನಿ ಎರಡು ಸಲ ಫೋನ್ ಮಾಡಿದರು. ಒಂದು ಪೇಢೆ ಹಂಚುವ ಉಮೇದಿನದು, ಇನ್ನೊಂದು ಅಳುವಿನದು. ಮೂರನೇ ಫೋನು ಹುಡುಗಿಯದೇ. "ಕಾಕಾ, ನೀವು ಮೂರು ವರ್ಷ ಅಲ್ಲೇ ಇದ್ರಿ ಅಲ್ಲ. ಅಲೀ ಮ್ಯಾಲ ಹಲಗಿ ಹಾಕಿ ನಿಂತು ಜಾರ್ತಾರಲ್ಲ, ನನಗ ಆ ಸರ್ಫಿಂಗ್ ಕಲೀಬೇಕಾಗ್ಯದ. ಹಾಯಿ ಹಿಡಕೊಂಡು ಬೋರ್ಡಿನ ಮ್ಯಾಲ ನಿಂತು ಹೋಗ್ತಾರಲ್ಲ, ವಿಂಡ್‌ಸರ್ಫಿಂಗ್, ಅದೂ ಬೇಕು. ಆಫೀಸೂ ಅದ. ಮನಿ ಎಲ್ಲಿ ಹಿಡೀಲಿ ಹೇಳ್ರಿ." ಒಂದೇ ಉಸಿರಿಗೆ ಕೇಳಿದಳು. ನಾನೂ ಒಂದೇ ಉಸಿರಿಗೆ "ಅದೇನ್ ದೊಡ್ಡ ಮಾತು, ಸಂಜೀಕ ಹೇಳ್ತೀನಿ" ಅಂದೆ. ಆ ಸಂಜೆ ಬಂದು ಮೂರು ವಾರವಾಯಿತು.

ಯಾರದೋ ಮದುವೆ ಪತ್ರಿಕೆಯ ಹಿಂಬದಿಗೆ ಕರಾವಳಿಯ ಗೆರೆ ಎಳೆದು, ಪಣಂಬೂರು, ಸುರತ್ಕಲ್, ಮುಕ್ಕ, ಸಸಿಹಿತ್ಲು, ಮೂಲ್ಕಿ, ಪಡುಬಿದ್ರಿ ಅಂತ ಚುಕ್ಕಿ ಇಟ್ಟು ಕೂತವನು ನಾನು. ಒಂದು ಚುಕ್ಕಿಗೆ ಸುತ್ತು ಹಾಕುತ್ತೇನೆ, ಮರುದಿನ ಅದನ್ನೇ ಹೊಡೆದು ಹಾಕುತ್ತೇನೆ. ಹೆಂಡತಿ ಚಹಾದ ಕಪ್ಪು ತಂದು ಪತ್ರಿಕೆಯ ಮೇಲೇ ಇಟ್ಟಳು. ಈಗ ಸುರತ್ಕಲ್ಲಿನ ಸುತ್ತ ಒಂದು ಕಂದು ಉಂಗುರ ಇದೆ. ಅದನ್ನೇ ಶಕುನ ಅಂತ ತಿಳಿದು ಹೇಳಿಬಿಡಲೇ ಅಂತಲೂ ಅನ್ನಿಸಿತ್ತು.

ಕಲಬುರಗಿಯವನನ್ನು ಕಡಲಿನ ವಿಚಾರ ಕೇಳುವುದೇ ಒಂದು ತಮಾಷೆ. ನಕ್ಷೆಯ ಮೇಲೆ ಸ್ಕೇಲಿಟ್ಟು ಅಳೆದರೂ ಪಡುವಣ ಕಡಲು ಇಲ್ಲಿಂದ ಮುನ್ನೂರೈವತ್ತು ಕಿಲೋಮೀಟರಿಗಿಂತ ಆಚೆ, ಮೂಡಣ ಕಡಲು ಅದಕ್ಕೂ ದೂರ. ನಮಗೆ ಅಲೆ ಅಂದರೆ ಊರಿನ ‘ಅಪ್ಪನ ಕೆರೆ’ಯಲ್ಲಿ ಗಾಳಿಗೆ ಏಳುವ ಸುಕ್ಕು. ಹಾಗಿದ್ದೂ ಈ ಪ್ರಶ್ನೆಗೆ ಉತ್ತರ ಕೊಡುವ ಒಂದು ತಿಳಿವಳಿಕೆ ನಮ್ಮ ಊರಿನವರಿಗೇ ಹೆಚ್ಚು ಅಂತ ನನಗೆ ಈಗ ಅನ್ನಿಸುತ್ತಿದೆ. ನಾನು ಅದನ್ನು ಮಂಗಳೂರಿಗೆ ಹೋಗುವಾಗ ಇಲ್ಲೇ ಬಿಟ್ಟುಹೋಗಿದ್ದೆ, ಅಷ್ಟೇ.

ನಳದ ಲೆಕ್ಕ

ಇಲ್ಲಿ ಬಾಡಿಗೆ ಮನೆ ನೋಡಲು ಹೋದವರು ಮೊದಲು ಬಾಡಿಗೆ ಕೇಳುವುದಿಲ್ಲ. "ನಳ ಎಷ್ಟು ದಿನಕ್ಕೊಮ್ಮಿ ಬರ್ತದ್ರಿ?" ಅಂತ ಕೇಳುತ್ತಾರೆ. ಅನುಭವಸ್ಥರಾದರೆ ಅದರ ಹಿಂದೆಯೇ ಇನ್ನೊಂದು: "ಎಷ್ಟೊತ್ತಿಗೆ?" ಈ ಎರಡನೇ ಪ್ರಶ್ನೆಯಲ್ಲಿ ಇಡೀ ಸಂಸಾರ ಇದೆ. ಮದುವೆಯಾದ ಹೊಸದರಲ್ಲಿ ನಾವಿದ್ದ ಮನೆಯ ನಳ ನಾಲ್ಕು ದಿನಕ್ಕೊಮ್ಮೆ ಬರುತ್ತಿತ್ತು, ಬೆಳಿಗ್ಗೆ ಹತ್ತೂವರೆಗೆ. ಆ ಹೊತ್ತಿಗೆ ನಾನು ಬ್ಯಾಂಕಿನ ಕೌಂಟರಿನಲ್ಲಿ, ಅವಳು ಶಾಲೆಯಲ್ಲಿ. ನಳ ಮನೆಯ ಅಂಗಳದಲ್ಲೇ ಇತ್ತು, ಹತ್ತು ಹೆಜ್ಜೆ ಇಲ್ಲ. ಒಂದು ಕೊಡ ನೀರೂ ನಮ್ಮದಾಗಲಿಲ್ಲ. ಆರು ತಿಂಗಳಿಗೆ ಆ ಮನೆ ಬಿಟ್ಟು, ನಡುರಾತ್ರಿ ನಳ ಬರುವ ಒಂದು ಓಣಿಗೆ ಹೋದೆವು. ನಿದ್ದೆ ಕೆಟ್ಟರೂ ಹಂಡೆ ತುಂಬುತ್ತಿತ್ತು. ನಳ ಎಲ್ಲಿದೆ ಅನ್ನುವುದಕ್ಕಿಂತ ನಳ ಬರುವಾಗ ನೀನು ಎಲ್ಲಿರುತ್ತೀ ಅನ್ನುವುದು ಮುಖ್ಯ. ಇದು ನಮ್ಮ ಓಣಿಯ ಯಾವ ಹೆಂಗಸಿಗೂ ಗೊತ್ತಿರುವ ಮಾತು.

ಕಡಲಿಗೂ ಇದೇ ಲೆಕ್ಕ. ಕಡಲು ಇಪ್ಪತ್ತನಾಲ್ಕು ತಾಸೂ ಅಲ್ಲೇ ಇರುತ್ತದೆ, ಸರಿ. ಸರ್ಫಿಂಗಿಗೆ ಬೇಕಾದ ಕಡಲು ಮಾತ್ರ ದಿನಕ್ಕೆ ಎರಡು ಮೂರು ತಾಸು ಬರುತ್ತದೆ. ವಿಂಡ್‌ಸರ್ಫಿಂಗಿಗೆ ಬೇಕಾದದ್ದು ಇನ್ನೆರಡು ಮೂರು ತಾಸು. ಆ ಎರಡೂ ಒಂದೇ ಹೊತ್ತಲ್ಲ. ಇದು ಗೊತ್ತಾಗಲು ನನಗೆ ಮೂರು ಮನೆ ಬೇಕಾದವು.

ಮೂರು ಮನೆ

2016ರ ಜೂನಿನಲ್ಲಿ ನನಗೆ ಮಂಗಳೂರಿಗೆ ವರ್ಗವಾಯಿತು. ಅದರ ಹಿಂದಿನ ತಿಂಗಳಷ್ಟೇ ಸಸಿಹಿತ್ಲುವಿನಲ್ಲಿ ಮೊದಲ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದಿತ್ತು. ಪೇಪರಿನಲ್ಲಿ ಬಂದ ಫೋಟೊ ಒಂದನ್ನು ಮಗ ಕತ್ತರಿಸಿ ಕಪಾಟಿಗೆ ಅಂಟಿಸಿದ್ದ. ನನಗೆ ಆಗ ಮೂವತ್ತೆಂಟು. ಈಜು ಬರುತ್ತಿತ್ತು. ಶಹಾಪುರದ ಕಡೆ ಅಜ್ಜನ ಊರಿನ ಬಾವಿಯಲ್ಲಿ ನಡುವಿಗೆ ಬೆಂಡು ಕಟ್ಟಿಕೊಂಡು ಕಲಿತ ಈಜು ಅದು. ಬಾವಿಯ ಈಜಿಗೂ ಕಡಲಿನ ಈಜಿಗೂ ಏನು ಸಂಬಂಧ ಅಂತ ಆಮೇಲೆ ತಿಳಿಯಿತು. ಬಾವಿ ಯಾರನ್ನೂ ತಿರುಗಿ ಎಸೆಯುವುದಿಲ್ಲ.

ಮೊದಲ ಮನೆ ಹಂಪನಕಟ್ಟೆಯ ಹತ್ತಿರ, ನಾಲ್ಕನೇ ಮಹಡಿ. ಬ್ಯಾಂಕಿಗೆ ನಡೆದು ಹೋಗುವಷ್ಟು ಸಮೀಪ ಅಂತ ಹಿಡಿದದ್ದು. ಅಲ್ಲಿಂದ ಮೂಲ್ಕಿಗೆ ಹತ್ತಿರ ಹತ್ತಿರ ಮೂವತ್ತು ಕಿಲೋಮೀಟರು. ಭಾರತದ ಮೊದಲ ಸರ್ಫ್ ಕ್ಲಬ್ಬು 2004ರಲ್ಲಿ ಶುರುವಾದದ್ದು ಆ ಮೂಲ್ಕಿಯಲ್ಲೇ, ಕಲಿಸುವವರೂ ಹೆಚ್ಚು ಆ ಕಡೆಗೇ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಬೈಕು ಹೊಡೆದು, ಆರರಿಂದ ಏಳೂವರೆ ನೀರಿನಲ್ಲಿದ್ದು, ತಿರುಗಿ ಕೂಳೂರು ಸೇತುವೆಯ ಹತ್ತಿರ ಬರುವಷ್ಟರಲ್ಲಿ ಲಾರಿ, ಟ್ಯಾಂಕರ್, ಶಾಲಾ ಬಸ್ಸುಗಳೆಲ್ಲ ನನಗಾಗಿಯೇ ಕಾದು ನಿಂತಿರುತ್ತಿದ್ದವು. ಕಿವಿಯಲ್ಲಿ ಉಪ್ಪುನೀರು ಗುಳುಗುಳು ಅನ್ನುತ್ತಿರುವಾಗಲೇ ಠೇವಣಿ ರಸೀದಿಗೆ ಸಹಿ ಹಾಕುತ್ತಿದ್ದೆ. ಒಂದು ದಿನ ಬಗ್ಗಿ ಚೆಕ್ಕು ನೋಡುವಾಗ ಮೂಗಿನಿಂದ ಕಡಲು ಸುರಿಯಿತು, ಗ್ರಾಹಕರ ಪಾಸ್‌ಬುಕ್ಕಿನ ಮೇಲೆ. ಸರ್ಫ್ ಮಾಡಿದವರಿಗೆ ಇದು ಗೊತ್ತು: ತಾಸುಗಟ್ಟಲೆ ಆದಮೇಲೆ, ಯಾವ ಮುನ್ಸೂಚನೆಯೂ ಇಲ್ಲದೆ ಮೂಗು ತೆರೆದುಕೊಳ್ಳುತ್ತದೆ.

ಮುಂದೆ ಸ್ವಂತ ಬೋರ್ಡು ಕೊಂಡೆ. ಒಂಬತ್ತಡಿಯ ಹಳೆಯ ಬೋರ್ಡು. ಅದು ಲಿಫ್ಟಿನಲ್ಲಿ ಹಿಡಿಸಲಿಲ್ಲ. ನೇರ ನಿಲ್ಲಿಸಿದರೆ ತಲೆ ತಾಗುತ್ತದೆ, ಓರೆ ಹಿಡಿದರೆ ಬಾಗಿಲು ಮುಚ್ಚುವುದಿಲ್ಲ. ನಾಲ್ಕು ಮಹಡಿ ಮೆಟ್ಟಿಲಲ್ಲಿ, ಪ್ರತಿ ತಿರುವಿನಲ್ಲಿ ಗೋಡೆಗೆ ಬಡಿಯದಂತೆ, ಎಳೆಗೂಸಿನ ಹಾಗೆ ಎತ್ತಿಕೊಂಡು ಹತ್ತಿಸಿದೆ. ಮೂರನೇ ಮಹಡಿಯ ಅಜ್ಜಿಯೊಬ್ಬರು ಬಾಗಿಲು ತೆರೆದು ನೋಡಿ, "ಎಂತ ಅದು, ಇಸ್ತ್ರಿ ಟೇಬಲಾ?" ಅಂತ ಕೇಳಿದರು. ಹೌದು ಅಂದೆ. ಅಷ್ಟು ಉದ್ದದ ಇಸ್ತ್ರಿ ಟೇಬಲಿನ ಮೇಲೆ ಏನು ಇಸ್ತ್ರಿ ಮಾಡುತ್ತೇನೆ ಅಂದುಕೊಂಡರೋ.

ಎರಡನೇ ಮನೆ ಇದರ ಸಿಟ್ಟಿನಲ್ಲಿ ಹಿಡಿದದ್ದು. ದೂರವೇ ಬೇಡ ಅಂತ ಸೀದಾ ಕಡಲಿನ ಎದುರಿಗೆ, ಮುಕ್ಕದಿಂದ ಆಚೆ, ಹೊಯಿಗೆಯಿಂದ, ಅಂದರೆ ದಂಡೆಯ ಮರಳಿನಿಂದ, ನೂರು ಹೆಜ್ಜೆ. ವೈನಿ ನೋಡಲು ಬಂದವರು "ಸಿನಿಮಾದಾಗಿನ ಮನಿ ಆಗ್ಯದಲ್ರೀ" ಅಂದರು. ಮೊದಲ ವಾರ ನನಗೂ ಹಾಗೇ ಇತ್ತು. ಆಮೇಲೆ ಒಂದೊಂದೇ ಕಾಣತೊಡಗಿತು. ಬೈಕಿನ ಚೈನು ತಿಂಗಳಿಗೆ ಕೆಂಪಾಯಿತು. ಫ್ಯಾನಿನ ರೆಕ್ಕೆ, ಕಿಟಕಿಯ ಕೀಲು, ಗ್ಯಾಸಿನ ಒಲೆಯ ಕಾಲು, ಎಲ್ಲಕ್ಕೂ ತುಕ್ಕು. ಊರಿಂದ ಬಂದ ಜೋಳದ ಹಿಟ್ಟು ಒಂಬತ್ತು ದಿನಕ್ಕೆ ಗಂಟು ಕಟ್ಟಿತು. ನಮ್ಮ ಕಡೆಯ ಹಿಟ್ಟಿಗೆ ಒಣ ಗಾಳಿಯ ರೂಢಿ, ಅದು ಅಲ್ಲಿ ಬಾಳಲಿಲ್ಲ. ಮಳೆಗಾಲದಲ್ಲಿ ಕಡಲು ರಾತ್ರಿಯಿಡೀ ಬಾಗಿಲು ಬಡಿಯುತ್ತದೆ. ಬಡಿಯುವುದಷ್ಟೇ ಅಲ್ಲ, ಪ್ರತಿ ಆಷಾಢಕ್ಕೂ ಒಂದಿಷ್ಟು ದಂಡೆಯನ್ನು ಕೊರೆದುಕೊಂಡು ಹೋಗುತ್ತದೆ. ಪಕ್ಕದ ತೆಂಗಿನ ಮರ ಒಂದು ಬೆಳಿಗ್ಗೆ ಅಡ್ಡಬಿದ್ದು ನೀರಿನಲ್ಲಿ ತಲೆ ತೊಳೆಯುತ್ತಿತ್ತು.

ಇಷ್ಟೆಲ್ಲ ಸಹಿಸಿಕೊಂಡದ್ದಕ್ಕೆ ಸಿಕ್ಕ ಅಲೆ? ಮನೆಯ ಎದುರಿನ ಅಲೆ ದಂಡೆಗೆ ತೀರಾ ಹತ್ತಿರ ಬಂದು ಒಮ್ಮೆಲೇ ಮುರಿದು ಬೀಳುತ್ತಿತ್ತು. ಅದರ ಮೇಲೆ ನಿಲ್ಲುವುದಿರಲಿ, ಅದರ ಕೆಳಗಿಂದ ಎದ್ದು ಬರುವುದೇ ದೊಡ್ಡದು. ಅಲೆ ನಿಧಾನಕ್ಕೆ ಒಂದು ಪಕ್ಕದಿಂದ ಬಿಚ್ಚಿಕೊಳ್ಳುತ್ತ ಹೋಗಬೇಕಾದರೆ ತಳದಲ್ಲಿ ಮರಳಿನ ದಿಬ್ಬ ಬೇಕು. ಅಂಥ ದಿಬ್ಬಗಳನ್ನು ಕಟ್ಟುವುದು ಅಳಿವೆ, ಹೊಳೆ ಕಡಲು ಸೇರುವ ಜಾಗ. ಸಸಿಹಿತ್ಲುವಿನಲ್ಲಿ ಶಾಂಭವಿ, ನಂದಿನಿ ಎರಡೂ ಹೊಳೆ ಕೂಡಿ ಕಡಲು ಸೇರುತ್ತವೆ. ಅವು ತಂದ ಮರಳೂ ಕಡಲು ನೂಕಿದ ಮರಳೂ ಅಲ್ಲಿ ಜಗಳವಾಡಿ ದಿಬ್ಬವಾಗುತ್ತದೆ. ಮಳೆಗಾಲ ಕಳೆದಮೇಲೆ ನೋಡಿದರೆ ದಿಬ್ಬ ಹೋದ ವರ್ಷದ ಜಾಗದಲ್ಲಿ ಇರುವುದಿಲ್ಲ. ಹಾಗಾಗಿ ಒಂದು ಅಲೆಯನ್ನು ನೋಡಿ ಮನೆ ಹಿಡಿಯುವುದು ಭೀಮೆಯ ಹೊನಲು ನೋಡಿ ಹೊಲ ಕೊಂಡ ಹಾಗೆ.

ಮೂರನೇ ಮನೆ ಹಳೆಯಂಗಡಿಯ ಒಳಗೆ, ಹೆದ್ದಾರಿಗೂ ಕಡಲಿಗೂ ನಡುವೆ. ಅದನ್ನು ನಾನು ಹುಡುಕಿದ್ದಲ್ಲ, ಸಹೋದ್ಯೋಗಿಯೊಬ್ಬರು ತೋರಿಸಿದ್ದು. ಕಡಲು ಕಾಣದು, ಕೇಳದು. ನೆಲಮಟ್ಟದ ಹಂಚಿನ ಮನೆ, ಹಿಂದೆ ಕಟ್ಟೆ ಕಟ್ಟಿದ ಸಿಹಿನೀರಿನ ಬಾವಿ, ಬಚ್ಚಲಿನ ಪಕ್ಕ ಸೌದೆ ಇಡುವ ಚಪ್ಪರ. ಬೋರ್ಡು ಆ ಚಪ್ಪರದೊಳಗೆ ಒಮ್ಮೆಗೇ ಹೋಗಿ ಮಲಗಿತು. ನಾಲ್ಕೂವರೆ ಮೀಟರಿನ ಮಾಸ್ಟ್, ಅಂದರೆ ಹಾಯಿಯ ಕಂಬ, ಮಾಡಿನ ಕೆಳಗೆ ಹಗ್ಗ ಕಟ್ಟಿ ತೂಗಿತು. ಬಂದ ತಕ್ಷಣ ಎರಡು ಕೊಡ ನೀರು ಸೇದಿ ಬೋರ್ಡಿಗೊಂದು, ಮೈಗೊಂದು. ಕಲಬುರಗಿಯಲ್ಲಿ ನಾಲ್ಕು ದಿನ ಹಂಡೆಯ ನೀರನ್ನು ಚೊಂಬಿನ ಲೆಕ್ಕದಲ್ಲಿ ಖರ್ಚು ಮಾಡುವವನು, ಅಲ್ಲಿ ಒಂದು ಹಲಗೆಗೆ ಒಂದು ಕೊಡ ನೀರು ಹೊಯ್ಯುತ್ತಿದ್ದೆ. ಮೊದಲ ದಿನಗಳಲ್ಲಿ ಕೈ ನಡುಗುತ್ತಿತ್ತು, ಸುಳ್ಳಲ್ಲ.

ಹೋಗೋ ಗಾಳಿ, ಬರೋ ಗಾಳಿ

ಇಷ್ಟಾದರೂ ನನಗೆ ಹೊತ್ತಿನ ಮಾತು ಹೊಳೆದಿರಲಿಲ್ಲ. ಹೊಳೆಸಿದವರು ಒಬ್ಬ ಮೀನುಗಾರರು.

ಬೆಳಗಿನ ಜಾವ ನೆಲ ತಣ್ಣಗಿರುತ್ತದೆ, ಕಡಲು ಇನ್ನೂ ಬೆಚ್ಚಗೆ. ಗಾಳಿ ನೆಲದಿಂದ ಕಡಲ ಕಡೆಗೆ ಮೆಲ್ಲಗೆ ಹೋಗುತ್ತದೆ. ಬರುವ ಅಲೆಯ ಮುಖಕ್ಕೆ ಎದುರಾಗಿ ತಾಗಿ, ಅದನ್ನು ಇನ್ನೊಂದು ಚಣ ನಿಲ್ಲಿಸಿ, ಮೈಯನ್ನು ನುಣ್ಣಗೆ ಮಾಡುತ್ತದೆ. ಸರ್ಫ್ ಮಾಡುವವರು ನಿದ್ದೆಗೆಟ್ಟು ಹೋಗುವುದು ಇದಕ್ಕೇ. ಬಿಸಿಲೇರಿ ನೆಲ ಕಾದಂತೆ ಗಾಳಿ ತಿರುಗುತ್ತದೆ. ಹನ್ನೊಂದರ ಹೊತ್ತಿಗೆ ಕಡಲಿನಿಂದ ಬೀಸಲು ಶುರುವಾದದ್ದು ಎರಡು ಮೂರಕ್ಕೆ ಜೋರಾಗುತ್ತದೆ. ಫೆಬ್ರವರಿಯಿಂದ ಮೇ ತನಕ ಇದು ಹೆಚ್ಚುಕಡಿಮೆ ದಿನಚರಿ. ಆಗ ಅಲೆಯ ಮೈಯೆಲ್ಲ ಗೊರಗೊರ, ಸರ್ಫಿಂಗ್ ಮುಗಿಯಿತು. ಹಾಯಿಯವನಿಗೆ ಬೆಳಗಾಗುವುದೇ ಆವಾಗ. ಒಬ್ಬನ ಅನ್ನ ಇನ್ನೊಬ್ಬನ ಕಲ್ಲು.

ನಾನು ಬ್ಯಾಂಕಿನವನು. ಮಧ್ಯಾಹ್ನ ಮೂರಕ್ಕೆ ಹಾಯಿ ಬಿಚ್ಚುವ ಯೋಗ ಭಾನುವಾರ ಬಿಟ್ಟರೆ ಇಲ್ಲ. ಆಗ ತಿಂಗಳ ಎರಡನೇ, ನಾಲ್ಕನೇ ಶನಿವಾರ ರಜೆ, ಆದರೆ ಆ ಶನಿವಾರಗಳನ್ನು ಹೆಂಡತಿ ಮೊದಲೇ ಹಿಡಿದಿಟ್ಟಿದ್ದಳು. ಶಾಂಭವಿಯ ಹಿನ್ನೀರಿನಲ್ಲಿ ಗೆಳೆಯನೊಬ್ಬನ ಹಳೆಯ ಬೋರ್ಡಿನಲ್ಲಿ ಹಾಯಿ ಎತ್ತುವುದು, ಬೀಳುವುದು, ಮತ್ತೆ ಎತ್ತುವುದು ಕಲಿತಿದ್ದೆ. ನೀರಿನಲ್ಲಿ ಬಿದ್ದ ಹಾಯಿ ಎತ್ತುವುದು ಅಂದರೆ ನೆಂದ ಜಮಖಾನವನ್ನು ಬಾವಿಯಿಂದ ಮೇಲೆಳೆದ ಹಾಗೆ, ಅದೂ ಅಲ್ಲಾಡುವ ಹಲಗೆಯ ಮೇಲೆ ನಿಂತು. ಒಂದು ನವೆಂಬರಿನ ಬೆಳಿಗ್ಗೆ ತಲೆಯಲ್ಲಿ ಒಂದು ಜಾಣತನ ಹುಟ್ಟಿತು. ಬೆಳಗಿನ ಗಾಳಿಯೂ ಗಾಳಿಯೇ ತಾನೇ? ಅದರಲ್ಲೇ ಹಾಯಿ ಹಾಕಿದರೆ ಬ್ಯಾಂಕಿನ ಹೊತ್ತಿಗೆ ಮುಗಿಯುತ್ತದಲ್ಲ?

ಗಾಳಿ ಬೆನ್ನ ಹಿಂದೆ, ಕಡಲು ಮಂದ, ಹಾಯಿ ತುಂಬಿತು. ಅಷ್ಟು ಸಲೀಸಾಗಿ ನಾನು ಹಿಂದೆಂದೂ ಹೋಗಿರಲಿಲ್ಲ. ಬೀಳಲೇ ಇಲ್ಲ. ಕಲಿತುಬಿಟ್ಟೆ ಅಂದುಕೊಂಡೆ. ತಿರುಗಿ ನೋಡಿದಾಗ ತೆಂಗಿನ ಸಾಲು ಕೊತ್ತಂಬರಿ ಕಟ್ಟಿನಷ್ಟಾಗಿತ್ತು. ತಿರುಗಿಸಲು ಹೋದೆ, ಬಿದ್ದೆ. ಎದ್ದೆ, ಹಾಯಿ ಎಳೆದೆ, ಮತ್ತೆ ಬಿದ್ದೆ. ಗಾಳಿಗೆ ನೇರ ಎದುರಾಗಿ ಯಾವ ಹಾಯಿಯೂ ಹೋಗುವುದಿಲ್ಲ, ಓರೆಯಾಗಿ ಅತ್ತಿತ್ತ ಹೆಣೆಯುತ್ತ ಬರಬೇಕು. ನನಗೆ ಆ ಹೆಣಿಗೆ ಬರುತ್ತಿರಲಿಲ್ಲ. ಎಂಟೂವರೆಯ ಹೊತ್ತಿಗೆ ಗಾಳಿ ಪೂರಾ ನಿಂತಿತು. ಬೋರ್ಡಿನ ಮೇಲೆ ಕಾಲು ಇಳಿಬಿಟ್ಟು ಕೂತೆ. ಕಾಲ ಕೆಳಗೆ ನೀರು ಹಸಿರಿನಿಂದ ಕಪ್ಪಿಗೆ ತಿರುಗಿತ್ತು. ನಾಲಗೆ ಒಣಗಿತ್ತು. ಕೌಂಟರಿನಲ್ಲಿ ನನ್ನ ಕುರ್ಚಿ ಖಾಲಿ ಇರುವುದು ಒಂದು ಕಡೆ ಕಾಣುತ್ತಿತ್ತು, ಶರಣಬಸವೇಶ್ವರರ ತೇರು ಇನ್ನೊಂದು ಕಡೆ. ಹರಕೆ ಹೊತ್ತೆ. (ತೀರಿಸಿದ್ದೇನೆ.)

ಮೋಟಾರು ಕಟ್ಟಿದ ಒಂದು ದೋಣಿ ಬಂತು. ಅದರಲ್ಲಿ ಅರವತ್ತು ದಾಟಿದ ಒಬ್ಬರು, ಜೊತೆಗೆ ಒಬ್ಬ ಹುಡುಗ. ಬೈಯಲಿಲ್ಲ, ನಗಲೂ ಇಲ್ಲ. ಹಗ್ಗ ಎಸೆದರು. "ಹಾಯಿ ಮಡಚಿ ಹಿಡ್ಕೊಳ್ಳಿ ಮಾರಾಯ್ರೆ, ಇಲ್ಲದಿದ್ರೆ ಎಳೀಲಿಕ್ಕೆ ಆಗುದಿಲ್ಲ." ದಾರಿಯಲ್ಲಿ ಎಲ್ಲಿಯವರು ಅಂತ ಕೇಳಿದರು. ಗುಲ್ಬರ್ಗ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ ಕಡಲುಂಟಾ?" ಅಂದರು. ಇಲ್ಲ ಅಂದೆ. "ಹಾಗಾದ್ರೆ ನಿಮ್ಮ ತಪ್ಪಲ್ಲ" ಅಂದರು.

ದಂಡೆ ಹತ್ತಿರ ಬಂದಾಗ ಮೋಟಾರು ಸಣ್ಣ ಮಾಡಿ ಅವರು ಹೇಳಿದ್ದು: ಅವರ ಅಪ್ಪನ ಕಾಲದಲ್ಲಿ ದೋಣಿಗೆ ಮೋಟಾರು ಇರಲಿಲ್ಲ, ಹಾಯಿಯೇ. ಬೆಳಗಿನ ಜಾವದ ಗಾಳಿಯಲ್ಲಿ ಹೋಗುವುದು, ಮೀನು ಹಿಡಿದು ಕಾಯುವುದು, ಮಧ್ಯಾಹ್ನದ ಗಾಳಿಯಲ್ಲಿ ಬರುವುದು. "ನಿಮಗೆ ಹೋಗೋ ಗಾಳಿ ಸಿಕ್ಕಿತು. ಬರೋ ಗಾಳಿ ಬರ್ಬೇಕಾದ್ರೆ ಇನ್ನು ಮೂರು ಗಂಟೆ ಉಂಟು. ಬುತ್ತಿ ತಂದಿದ್ರಾ?"

ಸರ್ಫ್ ಮಾಡುವವನಿಗೆ ವರವಾದ ಬೆಳಗಿನ ಗಾಳಿಯೇ ಹಾಯಿ ಕಲಿಯುವವನನ್ನು ಕಡಲಿಗೆ ಕೊಟ್ಟುಬಿಡುತ್ತದೆ. ಎಷ್ಟು ಬೀಸುತ್ತದೆ ಅನ್ನುವುದನ್ನಷ್ಟೇ ನೋಡುತ್ತಿದ್ದ ನಾನು, ಎಲ್ಲಿಗೆ ಬೀಸುತ್ತದೆ ಅನ್ನುವುದನ್ನು ಅವತ್ತಿನ ತನಕ ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳದೆ ಇದ್ದದ್ದಕ್ಕೆ ನಾಚಿಕೆಯಾಗುವ ಕಾರಣ ಬೇರೆ ಇದೆ.

ಕಣದ ಮೇಲೆ

ಅಜ್ಜನ ಊರಿನಲ್ಲಿ ಬಿಳಿಜೋಳದ ರಾಶಿ. ನನಗೆ ಎಂಟೋ ಒಂಬತ್ತೋ. ಕಣದ ನಡುವೆ ತುಳಿಸಿದ ತೆನೆ ಗುಡ್ಡೆ ಬಿದ್ದಿದೆ, ತೂರಬೇಕು. ಮೂರು ಕಾಲಿನ ಎತ್ತರದ ಮಣೆ ಹಾಕಿದ್ದಾರೆ, ಅದರ ಮೇಲೆ ಅಜ್ಜ ಹತ್ತಿ ನಿಂತಿದ್ದಾನೆ. ಕೆಳಗಿಂದ ಬುಟ್ಟಿ ತುಂಬಿ ಕೊಡಲು ಇಬ್ಬರು. ಗಾಳಿ ಇಲ್ಲ. ಮಧ್ಯಾಹ್ನದಿಂದ ಇಲ್ಲ. ಎತ್ತು ಮಲಗಿವೆ, ಆಳುಗಳು ಎಲೆ ಅಡಿಕೆ ಹಾಕಿಕೊಂಡಿದ್ದಾರೆ, ಯಾರೂ ಬೇಜಾರು ಮಾಡಿಕೊಂಡಿಲ್ಲ. ಅಜ್ಜ ಮಾತ್ರ ಮಣೆ ಇಳಿದಿಲ್ಲ. ಆಗಾಗ ಚಿಟಿಕೆ ಹೊಟ್ಟು ಬೆರಳಲ್ಲಿ ತೆಗೆದು ಬಿಡುತ್ತಾನೆ. ಅದು ಸೀದಾ ಕೆಳಗೆ ಬೀಳುತ್ತದೆ. ಮತ್ತೆ ಸುಮ್ಮನಾಗುತ್ತಾನೆ.

ಹೊತ್ತು ಇಳಿಯುವಾಗ ಹೊಟ್ಟು ಮೊದಲ ಸಲ ಓರೆಯಾಗಿ ಬಿತ್ತು. ಒಂದು ಗೇಣು. ಆಮೇಲೆ ಒಂದು ಮೊಳ. ಅಜ್ಜ ಮಣೆಯನ್ನು ಸ್ವಲ್ಪ ತಿರುಗಿಸಿ ಹಾಕಿಸಿದ. ಗಾಳಿಗೆ ಮುಖ ಕೊಟ್ಟರೆ ಹೊಟ್ಟೆಲ್ಲ ಕಣ್ಣಿಗೆ, ಬೆನ್ನು ಕೊಟ್ಟರೆ ಕಾಳಿನ ಮೇಲೇ. ಗಾಳಿ ಮಗ್ಗುಲಿಗೆ ತಾಗಬೇಕು. "ಕೊಡ್ರೋ" ಅಂದ. ಬುಟ್ಟಿ ತಲೆಯ ಮಟ್ಟಕ್ಕೆ ಎತ್ತಿ ಅಲುಗಿಸಿದ. ಕಾಳು ನೆಟ್ಟಗೆ, ಹೊಟ್ಟು ಅತ್ತ. ಕತ್ತಲಾದರೂ ನಿಲ್ಲಿಸಲಿಲ್ಲ. ಕಂದೀಲು ಹಚ್ಚಿದರು. ಊಟ ಅಲ್ಲೇ. ಗಾಳಿ ನಿಲ್ಲುವ ತನಕ ತೂರಿದರು, ಅದು ನಿಂತದ್ದು ನಡುರಾತ್ರಿ ಕಳೆದಮೇಲೆ.

ಗಾಳಿ ಬಂದಾಗ ತೂರಿಕೋ ಅನ್ನುವ ಗಾದೆಯನ್ನು ನಾವು ಈಗ ಅವಕಾಶವಾದಿಗಳನ್ನು ಬೈಯಲು ಬಳಸುತ್ತೇವೆ. ಕಣದ ಮೇಲೆ ಅದು ಬೈಗುಳವಲ್ಲ. ಬಂದ ಗಾಳಿಗಿಂತ ಕಾದ ಹೊತ್ತು ಉದ್ದ ಅಂತ ಅಲ್ಲಿದ್ದವರಿಗೆ ಗೊತ್ತು. ವಿಂಡ್‌ಸರ್ಫಿಂಗ್ ಮಾಡುವವರನ್ನು ನಾನು ಗಮನಿಸಿದ್ದೇನೆ: ದಂಡೆಯಲ್ಲಿ ಹಾಯಿ ಕಟ್ಟಿಟ್ಟು, ಮರಳು ಹಿಡಿ ಎತ್ತಿ ಬಿಟ್ಟು ನೋಡುತ್ತ, ತಾಸುಗಟ್ಟಲೆ ಕೂತಿರುತ್ತಾರೆ. ಅವರು ಇಷ್ಟಪಡುವ ಗಾಳಿಯೂ ಮಗ್ಗುಲ ಗಾಳಿಯೇ, ದಂಡೆಯ ಉದ್ದಕ್ಕೆ ಬೀಸುವುದು. ಅಂಥ ಗಾಳಿಯಲ್ಲಿ ಹೋದ ಗೆರೆಯಲ್ಲೇ ತಿರುಗಿ ಬರಬಹುದು. ಅಜ್ಜ ಮಣೆ ತಿರುಗಿಸಿದ್ದನ್ನು ಕಣ್ಣಾರೆ ಕಂಡವನು ನಾನು. ಮೂವತ್ತು ವರ್ಷದ ಮೇಲೆ ಗಾಳಿಗೆ ಬೆನ್ನು ಕೊಟ್ಟು ಕಡಲಿಗೆ ಹೋದೆ.

ಆಷಾಢದಲ್ಲಿ ಊರಿಗೆ

ಇನ್ನೊಂದು ಲೆಕ್ಕವನ್ನು ಹುಡುಗಿಗೆ ಹೇಳಬೇಕು. ಅದು ತಾಸಿನ ಲೆಕ್ಕವಲ್ಲ, ತಿಂಗಳಿನದು. ಜೂನ್ ಹುಟ್ಟಿದರೆ ಅಲ್ಲಿ ಕಡಲು ಮುಗಿಯಿತು. ಮೀನುಗಾರರ ಯಾಂತ್ರಿಕ ದೋಣಿಗಳೇ ಜೂನ್ 1ರಿಂದ ಜುಲೈ ಕೊನೆಯ ತನಕ, 61 ದಿನ ಕಡಲಿಗೆ ಇಳಿಯುವಂತಿಲ್ಲ. ನೀರು ಕೆಂಪು, ಅಲೆ ಹುಚ್ಚು, ಮರದ ದಿಮ್ಮಿ ತೇಲಿ ಬರುತ್ತವೆ. ಸೆಪ್ಟೆಂಬರಿನ ತನಕ ಹೊಸಬರು ದಂಡೆಯಲ್ಲಿ ನಿಂತು ನೋಡಬೇಕು, ಅಷ್ಟೇ.

ಅದೇ ತಿಂಗಳುಗಳಲ್ಲಿ ನಮ್ಮ ಕಡೆ ಏನಾಗುತ್ತದೆ? ಮಳೆ ಬರಲಿ ಬಿಡಲಿ, ಪಡುವಣ ಗಾಳಿ ಹಗಲಿಡೀ ಬೀಸುತ್ತದೆ. ಒಣಹಾಕಿದ ಸೀರೆ ಪಕ್ಕದ ಓಣಿಗೆ ಹೋಗುತ್ತದೆ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಹಾಯಿದೋಣಿಗಳ ದೊಡ್ಡ ಪಂದ್ಯ ನಡೆಸುವುದು ಈ ಮಳೆಗಾಲದ ಗಾಳಿಯಲ್ಲೇ. ಬೀದರಿನಿಂದ ಅದು ನೂರೈವತ್ತು ಕಿಲೋಮೀಟರಿನ ಒಳಗೆ, ಇಲ್ಲಿಂದ ಇನ್ನೂರು ಚಿಲ್ಲರೆ. ವಿಂಡ್‌ಸರ್ಫಿಂಗಿಗೆ ಅಲೆ ಬೇಕಾಗಿಲ್ಲ, ಗಾಳಿ ಬೇಕು, ತೆರೆದ ನೀರು ಬೇಕು. 1984ರಿಂದ ಅದು ಒಲಿಂಪಿಕ್ಸಿನಲ್ಲಿ ಇರುವುದು ಹಾಯಿದೋಣಿಯ ಬಳಗದಲ್ಲಿ. ಸರ್ಫಿಂಗು ಸೇರಿದ್ದು ಮೊನ್ನೆ ಮೊನ್ನೆ, ಟೋಕಿಯೊದಲ್ಲಿ. ಹೆಸರು ಒಂದೇ ಥರ ಇದೆ ಅಂತ ನಾವು ಎರಡನ್ನೂ ಅವಳಿ ಮಕ್ಕಳು ಅಂದುಕೊಳ್ಳುತ್ತೇವೆ.

ಇದಕ್ಕಿಂತ ನನಗೆ ರುಚಿಸುವ ಸಂಗತಿ ಇನ್ನೊಂದು. ದೇಶದ ಕಡಲಿನಲ್ಲಿ ನಾಳೆ ಅಲೆ ಎಷ್ಟು ಎತ್ತರ ಏಳುತ್ತದೆ, ಯಾವ ದಿಕ್ಕಿನಿಂದ ಬರುತ್ತದೆ ಅಂತ ಮುನ್ಸೂಚನೆ ಕೊಡುವ ಕೇಂದ್ರ, ಇನ್‌ಕಾಯ್ಸ್, ಇರುವುದು ಹೈದರಾಬಾದಿನಲ್ಲಿ. ಗಾಳಿಯೇ ಇಲ್ಲದ ದಿನ ದಂಡೆಗೆ ನುಗ್ಗುವ ನೀರಿಗೆ ಕೇರಳದವರು ಕಳ್ಳಕಡಲ್ ಅನ್ನುತ್ತಾರೆ. ದೂರದ ದಕ್ಷಿಣದ ಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಅಲೆ ದಿನಗಟ್ಟಲೆ ನಡೆದು ಬಂದು ಮುಟ್ಟುವುದು ಅದು. ಅದರ ಎಚ್ಚರಿಕೆಯೂ ಅಲ್ಲಿಂದಲೇ. ಮಂಗಳೂರಿನಲ್ಲಿದ್ದಾಗ ರಾತ್ರಿ ಮಲಗುವ ಮೊದಲು ನಾನು ನೋಡುತ್ತಿದ್ದ ಅಲೆಯ ಅಂಕಿಗಳು ನನ್ನೂರಿನ ಪಕ್ಕದ ಬಂಡೆಗಲ್ಲಿನ ನಾಡಿನಿಂದ ಹೊರಟು ಬರುತ್ತಿದ್ದವು. ದಖನಿನವರಿಗೆ ಕಡಲಿನ ಮಾತು ಬೇಡ ಅಂತ ಇನ್ನು ಯಾರೂ ಅನ್ನಬಾರದು.

ಹೋದ ಜುಲೈಯಲ್ಲಿ ಬೆಣ್ಣೆತೊರೆ ಜಲಾಶಯದ ಏರಿಯ ಮೇಲೆ ನಿಂತಿದ್ದೆ. ನೀರಿನ ಮೇಲೆ ಬಿಳಿ ನೊರೆ ಹಾರುವಷ್ಟು ಗಾಳಿ, ಅದೂ ಏರಿಯ ಉದ್ದಕ್ಕೆ, ಮಗ್ಗುಲ ಗಾಳಿ. ಮಾಸ್ಟು, ಹಾಯಿ ಮನೆಯ ಅಟ್ಟದಲ್ಲಿವೆ. ಆದರೆ ಅದು ನೀರಾವರಿಯ ನೀರು, ಹಾಗೆಲ್ಲ ಇಳಿಯುವಂತಿಲ್ಲ. ಬಿದ್ದರೆ ಹಗ್ಗ ಎಸೆಯುವ ದೋಣಿಯೂ ಅಲ್ಲಿಲ್ಲ. ಒಂದು ಹಿಡಿ ಮಣ್ಣು ಎತ್ತಿ ಬಿಟ್ಟು, ಅದು ಎಷ್ಟು ದೂರ ಹೋಯಿತು ಅಂತ ನೋಡಿ ಮನೆಗೆ ಬಂದೆ.

ಕಡೆಗೆ ಹೇಳಿದ್ದು

ಕಡೆಗೆ ಅವಳೇ ಫೋನ್ ಮಾಡಿದಳು. "ಕಾಕಾ, ಹೇಳ್ತೀರೋ ಇಲ್ಲೋ? ಪೀಜಿಯವರು ಅಡ್ವಾನ್ಸ್ ಕೇಳಲಿಕ್ಕತ್ಯಾರ."

"ನಿನ್ನ ಆಫೀಸು ಎಷ್ಟಕ್ಕ ಶುರು?" ಅಂತ ಕೇಳಿದೆ.

"ಹತ್ತಕ್ಕ. ಬಿಡೋದು ಏಳಾಗ್ತದ. ಯಾಕ?"

ಹಾಗಾದರೆ ಅವಳದು ಬೆಳಗಿನ ಕಡಲು. ಮಧ್ಯಾಹ್ನದ್ದು ಅವಳದಲ್ಲ, ಸದ್ಯಕ್ಕಂತೂ ಅಲ್ಲ. ನಾನು ಹೇಳಿದ್ದು ಇಷ್ಟು: ಸುರತ್ಕಲ್‌ನಿಂದ ಮೂಲ್ಕಿಯ ನಡುವೆ, ಹೆದ್ದಾರಿಯ ಬಸ್ಸಿಗೆ ನಡೆದು ಹೋಗುವಷ್ಟು ಹತ್ತಿರ, ಕಡಲಿಗೆ ಗಾಡಿಯಲ್ಲಿ ಹತ್ತು ಹದಿನೈದು ನಿಮಿಷ. ಕಡಲು ಕಾಣುವ ಮನೆ ಬೇಡ. ನೆಲಮಟ್ಟದ ಮನೆ, ಬಾವಿ ಇದ್ದರೆ ಒಳ್ಳೆಯದು. ಮನೆ ನೋಡಲು ಹೋದಾಗ ಬೆಳಿಗ್ಗೆ ಐದಕ್ಕೆ ಗೇಟು ತೆಗೆಯುತ್ತಾರೋ, ಮೈಯೆಲ್ಲ ಮರಳು ಮಾಡಿಕೊಂಡು ಬಂದವಳನ್ನು ಒಳಗೆ ಬಿಡುತ್ತಾರೋ ಕೇಳು. ಕಲಿಸುವವರಿಲ್ಲದ ಕಡೆ ಇಳಿಯಬೇಡ, ದಂಡೆ ಖಾಲಿ ಇದ್ದರೆ ಖಾಲಿ ಯಾಕೆ ಅಂತ ಅಲ್ಲಿಯ ಮೀನುಗಾರರನ್ನು ಕೇಳು. ಹಾಯಿ ಭಾನುವಾರಕ್ಕೆ, ಹೊಳೆಯಲ್ಲಿ, ಮಧ್ಯಾಹ್ನದ ಮೇಲೆ.

"ಸಮುದ್ರ ಕಾಣಲಾರದ ಮನಿ ಹಿಡದ್ರ ಅವ್ವ ಏನಂತಾಳ?" ಅಂದಳು. ಅವ್ವನಿಗೆ ಸಮುದ್ರ ಕಾಣದಿರುವುದೇ ಬೇಕಾಗಿದೆ ಅಂತ ನಾನು ಹೇಳಲಿಲ್ಲ.

ಹಳೆಯಂಗಡಿಯಲ್ಲೇ ಒಂದು ಮನೆ ಸಿಕ್ಕಿತು, ನಾನಿದ್ದದ್ದಲ್ಲ, ಅದರಿಂದ ಎರಡು ಗದ್ದೆ ಆಚೆ. ಬಾವಿ ಇದೆ. ಒಡತಿ ಒಬ್ಬರೇ ಇರುತ್ತಾರಂತೆ. ಬೋರ್ಡನ್ನು ತುಳಸಿ ಕಟ್ಟೆಗೆ ಒರಗಿಸಬಾರದು, ಅಷ್ಟೇ ಅವರ ಷರತ್ತು. ವೈನಿ ಜೋಳದ ಹಿಟ್ಟು ಕಳಿಸಿದ್ದಾರೆ, ಗಾಳಿಯಾಡದ ಡಬ್ಬಿಯಲ್ಲಿ ಹಾಕು ಅಂತ ನಾನು ಎರಡು ಸಲ ಹೇಳಿದ್ದೇನೆ. ಹೋದ ವಾರದಿಂದ ಬೆಳಿಗ್ಗೆ ಏಳೂವರೆಗೆ ಫೋಟೊ ಬರುತ್ತದೆ: ಮೊಣಕಾಲು ಕೆತ್ತಿದ್ದು, ಕೂದಲಲ್ಲಿ ಹೊಯಿಗೆ, ಒಂದರಲ್ಲಿ ಬರೀ ಮೂಗು.

ನಿನ್ನೆ ಮಧ್ಯಾಹ್ನ ಮೂರಕ್ಕೆ ಬೇರೆ ಥರದ ಒಂದು ಬಂತು. ಆಫೀಸಿನ ಕಿಟಕಿ, ಅದರಾಚೆ ತೆಂಗಿನ ಮರ, ಗರಿಗಳೆಲ್ಲ ಒಂದೇ ಕಡೆಗೆ ಬಾಚಿದ ಹಾಗೆ. ಕೆಳಗೆ ಬರೆದಿದ್ದಳು: "ಕಾಕಾ, ಇದು ಬರೋ ಗಾಳಿ ಹೌದಿಲ್ಲೋ? ಐತ್ವಾರಕ್ಕ ಇನ್ನ ನಾಕು ದಿನ ಅವ."